ಬದುವಿನ ಮೇಲೊಂದು ಬಂದೂಕು

ಐವತ್ತೆರಡು ವರ್ಷ ವಯಸ್ಸಿನ ಗಣಿತದ ಟೀಚರಮ್ಮ ಬಂದೂಕು ಹಿಡಿದು ಕಾಡುಮೇಡು ಅಲೆಯುತ್ತಾಳೆಂದರೆ ಹೊಸೂರಿನಲ್ಲಿ ಯಾರೂ ನಂಬುವುದಿಲ್ಲ. ಆದರೂ ನಿಜ. ದಿನಾ ಸಂಜೆ ಕಾಫಿ ಲೋಟ ತೊಳೆದಿಟ್ಟು, ಟಿ.ವಿ. ಮುಂದೆ ಕೂತು ಅಲೆಯುತ್ತೇನೆ.

ಈ ವಿಡಿಯೋ ಗೇಮ್‌ಗಳದೊಂದು ಸೊಗಸಿದೆ. ಅಲ್ಲಿ ನಮ್ಮ ಮುಖ ನಮಗೆ ಕಾಣುವುದಿಲ್ಲ, ಎರಡು ಕೈ ಮಾತ್ರ ಕಾಣುತ್ತವೆ. ಯೋಚಿಸಿದರೆ ಬದುಕಿನಲ್ಲೂ ಅಷ್ಟೇ ತಾನೆ? ಆದರೆ ಆ ಕೈಗಳಿಗೆ ಸೀಮೆಸುಣ್ಣದ ಪುಡಿ ಮೆತ್ತಿರುವುದಿಲ್ಲ, ಮಂಡಿನೋವೂ ಅಲ್ಲಿಗೆ ಬರುವುದಿಲ್ಲ. ಪರಕಾಯ ಪ್ರವೇಶಕ್ಕೆ ಹಿಂದಿನವರು ತಪಸ್ಸು ಮಾಡುತ್ತಿದ್ದರಂತೆ. ನನಗೆ ಒಂದು ಗುಂಡಿ ಒತ್ತಿದರೆ ಸಾಕು. ಅರ್ಧ ಗಂಟೆ ನಾನು ಯಾರ ಟೀಚರೂ ಅಲ್ಲ, ಯಾರ ಅತ್ತಿಗೆಯೂ ಅಲ್ಲ. ಹಾಗೆಂದು ತಿಳಿದಿದ್ದೆ.

ಮೊನ್ನೆ ನಮ್ಮ ಬಡಾವಣೆಯಲ್ಲಿ ಮನೆಗಿಬ್ಬರಂತೆ ಇದೇ ಆಟದ ಪಂದ್ಯವಿತ್ತು. ಮಗಳು ಚೈತ್ರಾ ನನ್ನನ್ನೇ ಜೊತೆಗೆ ಎಳೆದಳು. “ನಮ್ಮಮ್ಮ ಇದ್ರೆ ಗೆದ್ದಂಗೇ” ಎಂದು ಗೆಳತಿಯರ ಮುಂದೆ ಜಂಬವನ್ನೂ ಕೊಚ್ಚಿದ್ದಳು. ಫೈನಲ್‌ವರೆಗೆ ಬಂದೂಬಿಟ್ಟೆವು. ಕೊನೆಯ ಗಳಿಗೆಯಲ್ಲಿ ಗುಂಡು ತಗುಲಿ ಅವಳು ಬಿದ್ದಳು. ಅವಳನ್ನು ಬದುಕಿಸುವ ಮದ್ದು ನನ್ನ ಹತ್ತಿರ, ನಡುವೆ ಒಂದು ಹೊಲ. “ನೇರ ಬಾಮ್ಮಾ!” ಎಂದು ಕೂಗಿದಳು.

ಹೊಲದ ತುಂಬ ಬಲಿತ ತೆನೆ. ನಾನೋ ತಳಿ ಎಂಬ ಊರಿನ ಕಡೆಯ ರಾಗಿ ಹೊಲಗಳಲ್ಲಿ ಬೆಳೆದವಳು. ನನ್ನ ಹೆಬ್ಬೆರಳು ನನ್ನನ್ನು ಕೇಳದೆಯೇ ಬದುವಿನ ಕಡೆ ತಿರುಗಿತು. ಬದು ಹಿಡಿದು ಸುತ್ತಿ ಬರುವಷ್ಟರಲ್ಲಿ ಚೈತ್ರಾಳ ಪ್ರಾಣ ಹೋಗಿತ್ತು.

ನೋಡುತ್ತಿದ್ದವರೆಲ್ಲ ಘೊಳ್ಳೆಂದು ನಕ್ಕರು. “ಅದು ಬರೀ ಬಣ್ಣ ಕಣಮ್ಮ!” ಎಂದ ಮಗಳ ಕಣ್ಣಲ್ಲಿ ನೀರು. ಎಲ್ಲರೆದುರು ಅವಳ ಮಾನ ಕಳೆದೆನಲ್ಲ ಎಂದು ಸಂಕಟವಾಯಿತು. ಆದರೆ ಸುಳ್ಳು ಹೇಳಲಾರೆ, ಒಳಗೊಳಗೇ ಹೆಮ್ಮೆಯೂ ಆಯಿತು. ನಾನು ಬೇರೆ ಯಾರೋ ಆಗಲು ಹೋದರೂ ಅಪ್ಪ ಕಲಿಸಿದ್ದು ಬೆರಳಿಗೆ ಅಂಟಿಕೊಂಡೇ ಬಂದಿತ್ತು.

ಮನೆಗೆ ಬಂದವಳೇ ಚೈತ್ರಾ, ತಳಿಯಲ್ಲಿ ಬೇಸಾಯ ಮಾಡುವ ನನ್ನಣ್ಣನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ದೂರಿದಳು. ಅಣ್ಣ ಇಂಥ ಆಟವನ್ನು ಕಣ್ಣಲ್ಲಿ ಕಂಡವನಲ್ಲ. ಪೂರ್ತಿ ಕೇಳಿ, “ತೆನೆ ಬಲ್ತಿತ್ತಾ?” ಎಂದ.

“ಬಲ್ತಿತ್ತು ಮಾವ, ಅದ್ಕೇನೀಗ? ನಾನ್ ಸತ್ತೋದೆ!”

“ಅದಿರ್ಲಿ ಕಣವ್ವ, ನೀನು ಆ ಕಡೀಕೆ ಹೆಂಗೋದೆ? ಬದುವಿನ ಮ್ಯಾಲಾ, ಪೈರು ತುಳ್ಕೊಂಡಾ?”

ಚೈತ್ರಾ ಮೆಲ್ಲಗೆ ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋದಳು.

ಮೈಮರೆಯಲು ನಮಗೆ ಇಷ್ಟೆಲ್ಲ ಸಲಕರಣೆ ಬೇಕು. ಅಣ್ಣನಿಗೆ ಏನೂ ಬೇಕಾಗಲಿಲ್ಲ. ನಾನು ಫೋನ್ ಕಿವಿಗಿಟ್ಟಾಗಲೂ ಅವನು ಆ ಹೊಲದಲ್ಲೇ ನಿಂತಿದ್ದ.

“ಪಾಪ, ಹೊಲ ಯಾರ್ದಂತೆ ಕಣವ್ವ?”