ಅಕ್ಕನ ಹಾಜರಿ ಪುಸ್ತಕ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, 'ಅವತ್ತು ಹೊಟ್ಟೆ ತುಂಬ ಊಟ ಮಾಡಿದ್ರಾ?' ಎಂದು ಕೇಳಿ ಅವರ ಬಾಯಿ ಮುಚ್ಚಿಸುವ ಜಾತಿಯವನು ನಾನು. ಠಾಣೆಯ ಹತ್ತಿರದ ಮಹಾಪೆಯ ಒಂದು ಕಂಪನಿಯಲ್ಲಿ ಬಹಳ ವರ್ಷ ಕಂಪ್ಯೂಟರುಗಳನ್ನು ಸರಿಮಾಡುವ ಕೆಲಸ ಮಾಡಿದ್ದೇನೆ. ಯಂತ್ರ ತಾನಾಗಿ ಏನೂ ಮಾಡುವುದಿಲ್ಲ, ಮುಟ್ಟಿದವನು ಒಪ್ಪಿಕೊಳ್ಳುವುದಿಲ್ಲ, ಅಷ್ಟೇ. ಇದು ನಾನು ಅಲ್ಲಿ ಕಲಿತ ಪಾಠ, ಬೇರೆಯವರ ಮುಂದೆ ಆಗಾಗ ಆಡುತ್ತಿದ್ದ ಮಾತು ಕೂಡ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಠಾಣೆಯ ಕೋಪರಿಯ ಹತ್ತಿರ ಆಗ ಇದ್ದ ಒಂದು ಕನ್ನಡ ಶಾಲೆಯಲ್ಲಿ ಟೀಚರಾಗಿದ್ದಳು. ಮೂರನೆಯ ತರಗತಿಯಲ್ಲಿ ನನಗೂ ಅವಳೇ ಟೀಚರು. ಮನೆಯಲ್ಲಿ ಅಕ್ಕ, ಶಾಲೆಯ ಗೇಟು ದಾಟಿದ ಮೇಲೆ 'ಟೀಚರ್' ಎನ್ನಬೇಕು. ಬಾಯಿತಪ್ಪಿ ಅಕ್ಕ ಎಂದರೆ ಎಲ್ಲ ಮಕ್ಕಳ ಎದುರು ಕಿವಿ ಹಿಂಡುತ್ತಿದ್ದಳು. ಆಮೇಲೆ ಮಕ್ಕಳು ಕಡಿಮೆಯಾಗುತ್ತ ಬಂದು ಶಾಲೆ ಮುಚ್ಚಿತು. ಅಕ್ಕ ಡೊಂಬಿವಲಿಯಲ್ಲಿ ನೆಲೆಸಿದಳು. ತಾನು ಕಲಿಸಿದ ಮಕ್ಕಳಲ್ಲಿ ನೆನಪಿದ್ದವರ ಬಗ್ಗೆ ನಾಲ್ಕು ನಾಲ್ಕು ಸಾಲು ಬರೆದಿಡಬೇಕು ಎಂಬ ಹುಚ್ಚು ಅವಳಿಗೆ ಹತ್ತಿದ್ದು ಅಲ್ಲಿ.

ಬರೆಯುವುದಕ್ಕೆ ಆರಿಸಿಕೊಂಡದ್ದು ಸಾನಪಾಡಾದ ನಮ್ಮ ಮನೆಯ ಹಳೆಯ ಕಂಪ್ಯೂಟರನ್ನು. ಅದರಲ್ಲಿ ಹಿಂದಿನ ಕಾಲದ ಕನ್ನಡ ಟೈಪಿಂಗ್ ಇತ್ತು, ಅವಳ ಕೈಗೆ ಪಳಗಿದ್ದು ಅದೊಂದೇ. ಪ್ರತಿ ಭಾನುವಾರ ಡೊಂಬಿವಲಿಯಿಂದ ಠಾಣೆಗೆ ಬಂದು, ಅಲ್ಲಿ ರೈಲು ಬದಲಿಸಿ, ಊಟದ ಹೊತ್ತಿಗೆ ಮನೆಗೆ ತಲುಪುತ್ತಿದ್ದಳು. ಊಟವಾದ ಮೇಲೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಕೂರುತ್ತಿದ್ದಳು. ಫೈಲಿಗೆ 'ಹಾಜರಿ' ಎಂದು ಹೆಸರಿಟ್ಟಿದ್ದಳು. ಈ ಡಬ್ಬ ಇನ್ನು ಗುಜರಿ ಕೊಳ್ಳುವ ಭಂಗಾರವಾಲಾನಿಗೇ ಲಾಯಕ್ಕು ಎಂದು ನಾನು ರೇಗಿಸಿದರೆ, "ಬ ಅಕ್ಷರದ ಹೊಟ್ಟೆ ಸೀಳ್ಬೇಡ ಮಾರಾಯ. ಸೀಳಿದ್ರೆ ಭಂಗಾರ, ಬಿಟ್ರೆ ಬಂಗಾರ" ಎನ್ನುತ್ತಿದ್ದಳು.

ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ ಡೊಂಬಿವಲಿಯಲ್ಲಿ ಒಂದು ಸಭೆ ಇಟ್ಟುಕೊಂಡರು. ಅಲ್ಲಿಗೆ ಬರೆದದ್ದನ್ನೆಲ್ಲ ಒಯ್ದು ಓದಬೇಕೆಂಬುದು ಅಕ್ಕನ ಆಸೆ. "ತಮ್ಮಾ, ಒಂದು ಪ್ರಿಂಟು ತೆಗೆದು ಕೊಡು ಆಯ್ತಾ?" ಎಂದು ನಾಲ್ಕು ಭಾನುವಾರ ಕೇಳಿದಳು. ಮೂರು ಸಲ ಮುಂದಿನ ವಾರ ಎಂದೆ. ನಾಲ್ಕನೆಯ ಸಲ ಟಿ.ವಿ.ಯಲ್ಲಿ ಕ್ರಿಕೆಟ್ ಮ್ಯಾಚು ನಡೆದಿತ್ತು. ಏಳಲು ಮನಸ್ಸಾಗಲಿಲ್ಲ. "ಪ್ರಿಂಟರ್ ಹಾಳಾಗಿದೆ ಅಕ್ಕ" ಎಂದುಬಿಟ್ಟೆ. ಪ್ರಿಂಟರ್ ಚೆನ್ನಾಗಿಯೇ ಇತ್ತು. ಆ ಬೆಳಿಗ್ಗೆಯೇ ಮಗಳ ಪ್ರಾಜೆಕ್ಟಿನ ಹತ್ತು ಹಾಳೆ ಬಣ್ಣದಲ್ಲಿ ತೆಗೆದಿದ್ದೆ.

ಅಕ್ಕ ಸಭೆಗೆ ಬರಿಗೈಯಲ್ಲಿ ಹೋದಳು. ವೇದಿಕೆಗೆ ಕರೆದಾಗ ಒಂದಿಷ್ಟು ಹೆಸರು ನೆನಪಿನಿಂದ ಹೇಳಿ, ನಡುವೆ ತಡವರಿಸಿ ಕುಳಿತಳಂತೆ. ಇದನ್ನು ಬೇರೆಯವರಿಂದ ಕೇಳಿದೆ. ಮರುಭಾನುವಾರ ಎಂದಿನಂತೆ ಬಂದು, ಸ್ವಲ್ಪ ಹೊತ್ತು ಟೈಪ್ ಮಾಡಿ ಹೋದಳು. ಸಭೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದೇ ವಾರ ಹೃದಯಾಘಾತವಾಗಿ ತೀರಿಕೊಂಡಳು.

ಎಂಟು ತಿಂಗಳ ನಂತರ ಹೊಸ ಲ್ಯಾಪ್‌ಟಾಪ್ ಕೊಂಡೆ. ಅದೂ ಭಾನುವಾರವೇ, ಮಧ್ಯಾಹ್ನ. ಸಂಜೆ ಭಂಗಾರವಾಲಾ ಬರುವುದರೊಳಗೆ ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸಬೇಕಿತ್ತು. ಫೋಟೋ, ಕಾಗದಪತ್ರ ಎಲ್ಲ ಬಂದವು. ಕೊನೆಗೆ ಹಾಜರಿ ಉಳಿಯಿತು. ನಿಜ ಹೇಳುತ್ತೇನೆ, ಅದನ್ನು ತೆರೆಯುವುದಕ್ಕೆ ನನಗೆ ಧೈರ್ಯವಿರಲಿಲ್ಲ. ಅಷ್ಟು ದಿನ ಅಕ್ಕ ನಮ್ಮ ಮನೆಯಲ್ಲೇ ಕೂತು ಬರೆದದ್ದರಲ್ಲಿ ಒಂದು ಸಾಲನ್ನೂ ನಾನು ಓದಿರಲಿಲ್ಲ. ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಬೇಕಲ್ಲ ಎಂದು ಲ್ಯಾಪ್‌ಟಾಪಿನಲ್ಲಿ ತೆರೆದೆ.

ನಿರೀಕ್ಷಿಸಿದಂತೆ ಎಲ್ಲ ಕಲಸುಮೇಲೋಗರವಾಗಿತ್ತು. ಹಿಂದಿನ ಕಾಲದ ಆ ಅಕ್ಷರಗಳು ಹೊಸ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟುಗಳಾಗಿ ಕಾಣುತ್ತವೆ. ಪುಟಗಟ್ಟಲೆ ಅದೇ. ಆದರೆ ಕಟ್ಟಕಡೆಯಲ್ಲಿ ಒಂದು ಸಾಲು ಮಾತ್ರ ಸ್ವಚ್ಛ ಕನ್ನಡದಲ್ಲಿತ್ತು.

'ತಮ್ಮಾ, ಪ್ರಿಂಟು ಬೇಡ. ಗಟ್ಟಿಯಾಗಿ ಓದು.'

ಹೆಂಡತಿಯನ್ನು ಕೂಗಿದೆ. ಅವಳು ಬಗ್ಗಿ ನೋಡಿ, "ಇದೊಂದೇ ಲೈನು ಹೆಂಗ್ರೀ ಸರಿಯಾಗ್ ಬಂತು?" ಎಂದಳು. ಅದೇ ನನ್ನ ಪ್ರಶ್ನೆಯೂ ಆಗಿತ್ತು. ಸ್ವಚ್ಛವಾಗಿ ಕಾಣಬೇಕಾದರೆ ಆ ಸಾಲನ್ನು ಈಗ ನಾವು ಫೋನಿನಲ್ಲಿ ಬರೆಯುತ್ತೇವಲ್ಲ, ಆ ರೀತಿಯ ಕನ್ನಡದಲ್ಲಿ ಟೈಪ್ ಮಾಡಿರಬೇಕು. ಹಳೆಯ ಕಂಪ್ಯೂಟರಿನಲ್ಲಿ ಅದಕ್ಕೆ ವ್ಯವಸ್ಥೆಯೇ ಇರಲಿಲ್ಲ. ಇಂಟರ್ನೆಟ್ ತೆಗೆಸಿ ವರ್ಷಗಳಾಗಿದ್ದವು. ಅಕ್ಕನಿಗೆ ಆ ಟೈಪಿಂಗ್ ಗೊತ್ತೂ ಇರಲಿಲ್ಲ. ಹಳೆಯದರಲ್ಲಿ ಅದೇ ಫೈಲು ತೆರೆದು ನೋಡಿದೆ. ಉಳಿದದ್ದೆಲ್ಲ ಚೆನ್ನಾಗಿ ಕಾಣುತ್ತಿತ್ತು, ಆ ಸಾಲಿನ ಜಾಗದಲ್ಲಿ ಮಾತ್ರ ಖಾಲಿ ಚೌಕಗಳಿದ್ದವು. ಫೈಲನ್ನು ಕೊನೆಯ ಬಾರಿ ಮುಟ್ಟಿದ ದಿನ ಎಂದು ಅದು ತೋರಿಸಿದ್ದು ಅಕ್ಕ ಕಡೆಯ ಸಲ ಬಂದ ಭಾನುವಾರವನ್ನು.

ಹಳೆಯದರ ಮುಂದೆ ಕೂತು ಓದತೊಡಗಿದೆ. ಗಟ್ಟಿಯಾಗಿಯೇ. ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡಿ, ಟೀಚರ್ ಹೇಳಿದ ಮೇಲೆ ಮುಗಿಯಿತು. 'ಪ್ರಭಾಕರ. ಹೋಟೆಲಿನ ಮೇಲೆಯೇ ಮನೆ. ಪುಸ್ತಕ ತೆರೆದರೆ ಸಾಂಬಾರಿನ ವಾಸನೆ.' 'ಸುಮತಿ. ಹಸಿವಾದಾಗ ಸೀಮೆಸುಣ್ಣ ತಿನ್ನುತ್ತಿದ್ದಳು. ನಾನು ಬೈದೆ. ಬೈಯಬಾರದಿತ್ತು.' ನಡುವೆ ಬಾಗಿಲ ಗಂಟೆಯ ಸದ್ದಾಯಿತು. "ಪಪ್ಪಾ, ಭಂಗಾರವಾಲಾ ಆಯಾ ಹೈ" ಎಂದಳು ಮಗಳು. ಕಳಿಸಿಬಿಡು ಎಂದು ಕೈ ಮಾಡಿದೆ. ಅವನನ್ನು ಕಳಿಸಿ ಬಂದು ಬಾಗಿಲಿಗೆ ಒರಗಿ ಕೇಳುತ್ತ ನಿಂತಳು. ಕನ್ನಡ ಕೇಳಿದರೆ ತಿಳಿಯುತ್ತದೆ ಅವಳಿಗೆ. ಉತ್ತರಿಸುವುದು ಹಿಂದಿಯಲ್ಲಿ, ಬರೆಯಲಂತೂ ಬರುವುದಿಲ್ಲ.

ಆ ಖಾಲಿ ಚೌಕಗಳಿಗೆ ಮೊದಲು ಬಂದ ಕೊನೆಯ ಹೆಸರು ನನ್ನದು.

'ನನ್ನ ತಮ್ಮ. ಲೆಕ್ಕದಲ್ಲಿ ಚುರುಕು, ಕಾಗುಣಿತದಲ್ಲಿ ಮಂದ. ಸುಳ್ಳು ಹೇಳುವಾಗ ಬಲಗಿವಿ ಮುಟ್ಟಿಕೊಳ್ಳುತ್ತಾನೆ. ಮೊನ್ನೆ ಪ್ರಿಂಟರ್ ಹಾಳಾಗಿದೆ ಎಂದಾಗಲೂ ಮುಟ್ಟಿಕೊಂಡ. ಶಾಲೆಯಲ್ಲಾಗಿದ್ದರೆ ಕೇಳುತ್ತಿದ್ದೆ. ಮನೆಯಲ್ಲಿ ಅಕ್ಕ ಅಲ್ಲವೇ, ಕೇಳಲಾಗಲಿಲ್ಲ.'

ಇದನ್ನೂ ಗಟ್ಟಿಯಾಗಿ ಓದಿದೆ. ಹೆಂಡತಿ ಮಗಳ ಎದುರಿಗೇ ಓದಿದೆ.

ಇದಾಗಿ ನಾಲ್ಕು ವರ್ಷವಾಯಿತು. ಸಭೆ ನಡೆಸಿದ ವಿದ್ಯಾರ್ಥಿಗಳಿಗೆ ಎಲ್ಲವನ್ನೂ ಪ್ರಿಂಟು ಮಾಡಿ ತಲುಪಿಸಿದ್ದೇನೆ. ಅದರಿಂದ ಆ ದಿನ ವೇದಿಕೆಯ ಮೇಲೆ ಅಕ್ಕ ತಡವರಿಸಿದ್ದು ಇಲ್ಲವಾಗುವುದಿಲ್ಲ. ಹಳೆಯ ಕಂಪ್ಯೂಟರ್ ಈಗಲೂ ಮೇಜಿನ ಕೆಳಗಿದೆ, ಮಾರಲು ಮನಸ್ಸಿಲ್ಲ. ಆ ಸಾಲನ್ನು ಆಫೀಸಿನ ಗೆಳೆಯರಿಗೆ ತೋರಿಸಿದೆ. ಅವರು ಫೈಲನ್ನು ಹಿಂದೆ ಮುಂದೆ ಜಾಲಾಡಿ ಕೊನೆಗೆ ನನ್ನ ಮಾತನ್ನೇ ನನಗೆ ತಿರುಗಿಸಿದರು: "ಯಂತ್ರ ತಾನಾಗಿ ಏನೂ ಮಾಡಲ್ಲ, ಮುಟ್ಟಿದವನು ಒಪ್ಕೊಳ್ಳಲ್ಲ. ನೀನೇ ಬರೆದಿರ್ತೀಯ." ಯಾರು, ಯಾವಾಗ, ಹೇಗೆ ಬರೆದರೆಂದು ಇವತ್ತಿಗೂ ಗೊತ್ತಿಲ್ಲ.

ನಾನಂತೂ ಬರೆದಿಲ್ಲ. ಇದನ್ನು ಟೈಪ್ ಮಾಡುತ್ತಿರುವಾಗ ನನ್ನ ಎರಡೂ ಕೈ ಕೀಬೋರ್ಡಿನ ಮೇಲೇ ಇವೆ.