ಉಪ್ಪು ನೋಡುವ ಅತ್ತಿಗೆ

ಅತ್ತಿಗೆಯ ಬಲಗೈಯಲ್ಲಿ ಎರಡು ಚಿನ್ನದ ಬಳೆಗಳಿದ್ದವು. ಮದುವೆಯ ದಿನ ಸೋಪಿನ ನೀರು ಹಚ್ಚಿ ಏರಿಸಿದವು. ಆಮೇಲೆ ಕೈ ಬೆಳೆಯಿತು, ಬಳೆಗಳು ಅಲ್ಲೇ ಉಳಿದವು. ಎರಡೂ ಬದಿಯಲ್ಲಿ ಮಾಂಸ ಉಬ್ಬಿಕೊಂಡು, ಬಳೆ ಕೈಯೊಳಗಿಂದಲೇ ಹುಟ್ಟಿದ ಹಾಗೆ ಕಾಣುತ್ತಿತ್ತು. ಆ ಕೈಯನ್ನು ಅವರು ಬೆಳಗಿನಿಂದ ಮಧ್ಯಾಹ್ನದವರೆಗೆ ಹತ್ತಾರು ಸಲ ಮುಂದೆ ಚಾಚುತ್ತಿದ್ದರು. ಅಡುಗೆಯವರು ಸೌಟಿನಿಂದ ಅಂಗೈಗೆ ಸಾರಿನ ಹನಿ ಬಿಡಬೇಕು, ಅತ್ತಿಗೆ ನೆಕ್ಕಿ ಉಪ್ಪು ನೋಡಬೇಕು. ಆಮೇಲೆಯೇ ಪಾತ್ರೆ ಒಲೆಯಿಂದ ಇಳಿಯುವುದು.

ಪಣಂಬೂರಿನಲ್ಲಿ ಬಂದರಿಗೆ ಹೋಗುವ ದಾರಿಯಲ್ಲಿ ನನ್ನ ಅಣ್ಣನ ಮೀನೂಟದ ಹೋಟೆಲು ಇದೆ. ಹೆಸರಿಗೆ ಅಣ್ಣನದ್ದು, ಅಷ್ಟೆ. ಲಾರಿ ಚಾಲಕರು, ಬಂದರಿನ ಗುಮಾಸ್ತರು, ಕಾರ್ಖಾನೆಯ ಇಂಜಿನಿಯರುಗಳು ಎಲ್ಲರೂ ಬರುತ್ತಿದ್ದುದು ಅತ್ತಿಗೆಯ ಕೈರುಚಿಗೆ, ಅದಕ್ಕಿಂತ ಹೆಚ್ಚಾಗಿ ಅವರ ಬಾಯಿಗೆ. "ಎಂತ, ನಿನ್ನೆ ಬರ್ಲಿಲ್ಲ? ಹೆಂಡತಿ ಊರಿಂದ ಬಂದಳಾ?" ಎಂದು ಅವರು ಗಲ್ಲಾದಿಂದಲೇ ಕೇಳಿದರೆ ಇಡೀ ಹೋಟೆಲು ನಗುತ್ತಿತ್ತು. ಕೇಳಿಸಿಕೊಂಡವನೂ ನಗುತ್ತಿದ್ದ.

ನಾನು ಈ ಊರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವವಳು. ಆದದ್ದನ್ನು ಆದ ಹಾಗೆ ಬರೆಯುವುದು ಅಭ್ಯಾಸ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಅತ್ತಿಗೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಪ್ರೀತಿಯೂ ಇತ್ತು, ಆದರೆ ಹೊಟ್ಟೆಕಿಚ್ಚು ಮೊದಲು ಬರುತ್ತಿತ್ತು. ಕೊಡಿಯಾಲ್‌ಬೈಲಿನಲ್ಲಿ ನಮ್ಮದು ಒಂದೇ ಅಪಾರ್ಟ್‌ಮೆಂಟು. ಅಣ್ಣ, ಅತ್ತಿಗೆ, ಅಮ್ಮ ಮೇಲಿನ ಮಹಡಿಯಲ್ಲಿ, ನಾನು ಮತ್ತು ನನ್ನ ಗಂಡ ಕೆಳಗೆ. ನಾನು ಅಮ್ಮ ಹೆತ್ತ ಮಗಳು, ಅವರು ಬಂದ ಸೊಸೆ. ಆದರೂ ಅಮ್ಮನಿಗೆ ಕಾಲು ನೋವಾದರೆ ನೆನಪಾಗುತ್ತಿದ್ದುದು ಅವರ ಹೆಸರು.

ನಾವಿಬ್ಬರೂ ದಪ್ಪ. ಅತ್ತಿಗೆಯ ಮೈ ಅವರಿಗೆ ಒಪ್ಪುತ್ತಿತ್ತು. ಮದುವೆಮನೆಗೆ ಅವರು ಕಾಲಿಟ್ಟರೆ ಜನ ಎದ್ದು ಕುರ್ಚಿ ಬಿಡುತ್ತಿದ್ದರು. ನನಗೆ ಮಾತ್ರ "ಸ್ವಲ್ಪ ವಾಕಿಂಗ್ ಮಾಡು ಮಾರಾಯ್ತಿ" ಎಂಬ ಬುದ್ಧಿಮಾತು. ನಲವತ್ತು ದಾಟುವಾಗ ಇಬ್ಬರಿಗೂ ರಕ್ತದ ಒತ್ತಡ ಬಂತು. ನನಗೆ ಎರಡು ಬಗೆಯ ಮಾತ್ರೆ, ಅವರಿಗೆ ಮೂರು. "ನಿನ್ನದು ಎರಡೇ ಅಲ್ವಾ?" ಎಂದು ಅವರು ಕನಿಕರದಿಂದ ಕೇಳುತ್ತಿದ್ದರು. ಅದರಲ್ಲೂ ಅವರೇ ಮುಂದೆ.

ಅತ್ತಿಗೆಯ ತವರು ಉಳ್ಳಾಲ. ಅವರ ಅಮ್ಮನಿಗೆ ಇದೇ ಬಿ.ಪಿ. ಏರಿ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಹಾಗೆಯೇ ವರ್ಷಗಟ್ಟಲೆ ಮಲಗಿದ್ದರು. ಅತ್ತಿಗೆ ವಾರಕ್ಕೊಮ್ಮೆ ಹೋಗಿ ತಲೆ ಮೀಯಿಸಿ, ಕೂದಲು ಬಾಚುತ್ತಾ ಇಬ್ಬರ ಮಾತನ್ನೂ ತಾನೇ ಆಡುತ್ತಿದ್ದರು. "ಹೋಟೆಲು ಹೇಗುಂಟು ಅಂತ ಕೇಳ್ತಿದ್ದೀಯಾ ಅಮ್ಮ? ಉಂಟು ಉಂಟು, ಚಂದ ಉಂಟು." ಒಂದೆರಡು ಸಲ ನಾನೂ ಜೊತೆಗೆ ಹೋಗಿದ್ದೆ. ಆ ಕಣ್ಣುಗಳಿಗೆ ಎಲ್ಲ ತಿಳಿಯುತ್ತಿತ್ತು. ತುಟಿ ಮಾತ್ರ ಅಲುಗುತ್ತಿರಲಿಲ್ಲ.

ಆ ಅಮ್ಮ ತೀರಿಕೊಂಡ ಕೆಲವು ತಿಂಗಳ ಮೇಲೆ ಅತ್ತಿಗೆ ಊಟಕ್ಕೆ ಕುಳಿತಾಗ ಹೇಳಿದರು, ತಾನು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು.

ನನ್ನ ಅಮ್ಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಒಳ್ಳೆ ಹೊಟ್ಟೆಯನ್ನು ಕೊಯ್ಯಿಸುವುದು ಎಂತಕ್ಕೆ? ರಾತ್ರಿ ಊಟ ಬಿಡು, ಸಾಕು."

"ಎಷ್ಟು ಸಲ ಬಿಟ್ಟಿದ್ದೇನೆ ಅತ್ತೆ, ನೀವೇ ನೋಡಿದ್ದೀರಲ್ಲ. ಇಳಿದದ್ದು ನೆಂಟರನ್ನೂ ಕರ್ಕೊಂಡು ವಾಪಸ್ ಬರ್ತದೆ."

"ಬಿ.ಪಿ. ಇದ್ದವಳಿಗೆ ಆಪರೇಷನ್ ಅಂದ್ರೆ ಹೆದರಿಕೆ ಇಲ್ವಾ?"

"ಉಂಟು. ಆದ್ರೆ ಬಾಯಿ ಮುಚ್ಚಿ ಮಲಗುವ ಹೆದರಿಕೆ ಅದಕ್ಕಿಂತ ದೊಡ್ಡದು. ನಾನು ಮಾತಾಡದಿದ್ರೆ ಈ ಮನೆಯಲ್ಲಿ ಸತ್ತವರು ಯಾರು, ಬದುಕಿದವರು ಯಾರು ಅಂತ ಗೊತ್ತಾಗ್ತದಾ?"

ಅಮ್ಮ ನಕ್ಕುಬಿಟ್ಟರು. ಮಾತು ಅಲ್ಲಿಗೇ ತೀರ್ಮಾನವಾಯಿತು. ಅದೇ ಆಪರೇಷನ್ ಬಗ್ಗೆ ನಾನು ಆರೋಗ್ಯ ಪುಟಕ್ಕೆ ಎಷ್ಟೋ ಲೇಖನಗಳನ್ನು ತಿದ್ದಿದ್ದೆ. ನನಗೂ ಬೇಕು ಅನಿಸಿ, ಮನೆಯಲ್ಲಿ ಬಾಯಿ ಬಿಡಲಾಗದೆ ವರ್ಷಗಳು ಕಳೆದಿದ್ದವು. ಅತ್ತಿಗೆ ಒಂದು ಊಟದೊಳಗೆ ಮುಗಿಸಿದರು.

ಡಾಕ್ಟರು ಉಳ್ಳಾಲದ ಕಡೆಯವರೇ, ನೇರ ಮಾತಿನವರು. "ಬಿ.ಪಿ. ಹತೋಟಿಗೆ ಬಂದರೆ ಮಾತ್ರ ಟೇಬಲಿಗೆ ಹತ್ತಿಸ್ತೇನೆ. ತೂಕ ಇಳಿದರೆ ಬಿ.ಪಿ.ಯೂ ಇಳಿಯಬಹುದು. ಪೂರ್ತಿ ಹೋಗ್ತದೆ ಅಂತ ಮಾತು ಕೊಡುವುದಿಲ್ಲ" ಎಂದರು. ಹೃದಯದ ಪರೀಕ್ಷೆ, ರಕ್ತದ ಪರೀಕ್ಷೆ ಎಲ್ಲ ಆಯಿತು. ಮಾತ್ರೆ ಬದಲಾಯಿತು. ಆಪರೇಷನ್‌ಗೆ ಮೊದಲಿನ ಎರಡು ವಾರ ಗಟ್ಟಿ ಆಹಾರ ಏನೂ ಬೇಡ, ದ್ರವ ಮಾತ್ರ ಎಂದರು. ಅತ್ತಿಗೆ ಅಕ್ಷರಶಃ ಪಾಲಿಸಿದರು. ಮೀನು ಮುಟ್ಟಲಿಲ್ಲ, ಅನ್ನ ಮುಟ್ಟಲಿಲ್ಲ. ಅಕ್ಕಸಾಲಿಗನನ್ನು ಕರೆಸಿ ಬಳೆಗಳನ್ನು ಕತ್ತರಿಸಿ ತೆಗೆಸಿದರು. ಮಣಿಕಟ್ಟಿನಲ್ಲಿ ಎರಡು ಬಿಳಿ ಗೆರೆಗಳು ಉಳಿದವು.

ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನಾನು. ಆಪರೇಷನ್ ದಿನ ಬೆಳಿಗ್ಗೆ ನರ್ಸ್ ಬಿ.ಪಿ. ನೋಡುವ ದೊಡ್ಡ ಪಟ್ಟಿ ತಂದು ಅವರ ತೋಳಿಗೆ ಸುತ್ತಿದಳು. ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು, ಹೊರಗೆ ಹೋದಳು. ಅರಿವಳಿಕೆಯ ವೈದ್ಯರು ಬಂದರು. ಅವರ ಹಿಂದೆಯೇ ಡಾಕ್ಟರು.

"ಇಷ್ಟು ದಿನ ಎಂತ ಕುಡಿದದ್ದು ನೀವು?"

"ನೀವು ಹೇಳಿದ್ದೇ ಡಾಕ್ಟ್ರೇ. ಬರೀ ನೀರು ನೀರು."

"ಯಾವ ನೀರು?"

"ಗಂಜಿಯ ತಿಳಿ. ಮತ್ತೆ ಸಪ್ಪೆ ಆಗ್ತದಲ್ಲ, ಅದಕ್ಕೆ ಭರಣಿಯ ನೀರು."

"ಯಾವ ಭರಣಿ?"

"ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಯದ್ದು. ಮಾವಿನಕಾಯಿ ಮುಟ್ಟಲಿಲ್ಲ, ದೇವರಾಣೆ. ನೀರು ಮಾತ್ರ!"

ಡಾಕ್ಟರು ಸ್ಟೂಲಿನ ಮೇಲೆ ಕುಳಿತರು. ಅವರ ಮನೆಯಲ್ಲೂ ಅಂಥದ್ದೊಂದು ಭರಣಿ ಇದ್ದಿರಬೇಕು, ಬೈಯಲಿಲ್ಲ. "ಅದು ನೀರಲ್ಲ ಅಮ್ಮ, ಸಮುದ್ರ" ಎಂದರು. "ಉಪ್ಪು ಕಮ್ಮಿ ಮಾಡಿ ಅಂತ ಹೇಳಿರಲಿಲ್ವಾ?"

"ಊಟದಲ್ಲಿ ಕಮ್ಮಿ ಅಂತ ತಿಳ್ಕೊಂಡೆ. ನಾನು ಊಟವೇ ಮಾಡ್ಲಿಲ್ಲ ಅಲ್ವಾ?"

ಆಪರೇಷನ್ ಮುಂದಕ್ಕೆ ಹೋಯಿತು. ನನಗೆ ನಗು ಬಂತು, ಒಳಗೊಳಗೆ ಸಮಾಧಾನವೂ ಆಯಿತು: ಇವರಿಗೂ ತಪ್ಪುತ್ತದೆ. ಆದರೆ ಎಲ್ಲರೂ ಹೋದ ಮೇಲೆ ಅತ್ತಿಗೆ ಗೋಡೆಯ ಕಡೆ ತಿರುಗಿ ಮಲಗಿದರು. ಭುಜ ಅಲುಗುತ್ತಿತ್ತು. "ಅಮ್ಮನಿಗೂ ಹೀಗೇ ಬೆಳಿಗ್ಗೆ ಏರಿದ್ದು" ಎಂದರು. ನನಗೆ ಹೇಳಿದ್ದೋ ಗೋಡೆಗೆ ಹೇಳಿದ್ದೋ ಗೊತ್ತಾಗಲಿಲ್ಲ. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಮನೆಗೆ ಬಂದವರೇ ಭರಣಿಯನ್ನು ನನ್ನ ಕೈಗೆ ಕೊಟ್ಟರು. "ಕಣ್ಣಿಗೆ ಕಂಡ್ರೆ ಕುಡಿತೇನೆ. ಯಾರಿಗಾದ್ರೂ ಕೊಡು. ನೀನು ಇಟ್ಕೊಳ್ಬೇಡ, ನಿನಗೂ ಬಿ.ಪಿ. ಉಂಟು." ಮುಂದಿನ ವಾರಗಳಲ್ಲಿ ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಸಾರಿನ ಉಪ್ಪು ಅಣ್ಣ ನೋಡಿದ, ಗಿರಾಕಿಗಳು ಮಾತಾಡದೆ ತಿಂದು ಹೋದರು.

ಎರಡನೆಯ ಸಲ ಎಲ್ಲ ಸರಿಯಾಯಿತು. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ಗಾಯಗಳು, ಅಷ್ಟೆ. ಒಳಗೆ ಜಠರದ ಬಹುಪಾಲು ತೆಗೆದಿದ್ದರು. ಬಂಗುಡೆ ಮೀನು ನಾಲ್ಕು ಮುಗಿಸಿ ಐದನೆಯದಕ್ಕೆ ಕೈ ಹಾಕುತ್ತಿದ್ದವರು ಚಟ್ನಿಯ ಬಟ್ಟಲಿನಲ್ಲಿ ಊಟ ಮಾಡತೊಡಗಿದರು. ಎರಡನೆಯ ತಿಂಗಳು ಅಡುಗೆಮನೆಯಲ್ಲಿ ಎದ್ದು ನಿಂತಾಗ ತಲೆ ಸುತ್ತಿ ಬಾಗಿಲು ಹಿಡಿದುಕೊಂಡರು. ನಾವು ಹೆದರಿದೆವು. ನೋಡಿದರೆ ಒತ್ತಡ ಇಳಿದಿತ್ತು. ಹಳೆಯ ಲೆಕ್ಕದ ಮಾತ್ರೆ ಈಗ ಹೆಚ್ಚಾಗಿತ್ತು. ಡಾಕ್ಟರು ಒಂದನ್ನು ನಿಲ್ಲಿಸಿದರು, ವರ್ಷದೊಳಗೆ ಇನ್ನೊಂದನ್ನು. ಉಳಿದದ್ದನ್ನು ನೀವಾಗಿಯೇ ಬಿಡಬಾರದು ಎಂದು ಎಚ್ಚರಿಸಿದರು. ಆ ವರ್ಷವೇ ನನ್ನ ಎರಡು ಮಾತ್ರೆ ಮೂರಾಯಿತು.

ಒಂದು ಭಾನುವಾರ ಅತ್ತಿಗೆ ಕೆಳಗೆ ಬಂದು ನನ್ನ ಹಾಸಿಗೆಯ ಮೇಲೆ ಬಟ್ಟೆಯ ರಾಶಿ ಸುರಿದರು. ಅವರ ಹಳೆಯ ಚೂಡಿದಾರಗಳು, ಎಲ್ಲ ಒಳ್ಳೆಯವೇ.

"ಇದೆಲ್ಲ ನಿನಗೆ ಆಗ್ತದೆ, ನೋಡು."

"ನನಗೆ ದೊಡ್ಡದಾಗ್ತದೆ."

"ಹಾಕಿ ನೋಡು ಮಾರಾಯ್ತಿ."

ಹಾಕಿದೆ. ದರ್ಜಿ ಅಳತೆ ತೆಗೆದು ಹೊಲಿದ ಹಾಗೆ ಕೂತವು. ಅತ್ತಿಗೆ ನನ್ನ ಸುತ್ತ ಒಂದು ಸುತ್ತು ಬಂದು, "ಚಂದ ಕಾಣ್ತದೆ" ಎಂದರು. ಅವರ ದನಿಯಲ್ಲಿ ವ್ಯಂಗ್ಯ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು!

ಹಾಗೆ ನಾಲ್ಕು ವರ್ಷ. ಅವರು ಮೊದಲಿಗಿಂತ ಹೆಚ್ಚು ಮಾತಾಡಿದರು. ಬಂದರಿನವರ ಜೊತೆ, ಮೀನಿನವರ ಜೊತೆ, ಬೀಚಿನಲ್ಲಿ ವಾಕಿಂಗ್ ಬರುವ ಅಪರಿಚಿತರ ಜೊತೆ. ಕಳೆದ ಮಳೆಗಾಲದಲ್ಲಿ ಹೋಟೆಲಿನ ಹಿಂದೆ ಚರಂಡಿ ತುಂಬಿ ನೀರು ನಿಂತಿತ್ತು. ಅದರಲ್ಲೇ ಬರಿಗಾಲಲ್ಲಿ ಓಡಾಡಿದರು. ಮೈಕೈ ನೋವು, ಜ್ವರ. ಆಸ್ಪತ್ರೆಗೆ ಸೇರಿಸುವಾಗ ಕಣ್ಣು ಹಳದಿಯಾಗಿತ್ತು. ಇಲಿಜ್ವರ ಎಂದರು. ಮೂತ್ರಪಿಂಡ ಕೈಕೊಟ್ಟಿತು. ಒಂದು ವಾರವೂ ಆಗಲಿಲ್ಲ.

ಕೊನೆಯ ಸಂಜೆ ನನ್ನನ್ನು ಒಳಗೆ ಬಿಟ್ಟರು. ಉಸಿರು ಕಷ್ಟವಾಗಿತ್ತು, ಆದರೂ ಮಾತಾಡಿದರು.

"ಎಂತ ಮುಖ ಅದು? ನೋಡು, ನಿನ್ನ ಪೇಪರಿನಲ್ಲಿ ಹಾಕುವಾಗ ಆಪರೇಷನ್ ಆದ ಮೇಲಿನ ಫೋಟೋ ಹಾಕು. ಹಳೆಯದ್ದು ಹಾಕಿದ್ರೆ ಎದ್ದು ಬರ್ತೇನೆ."

"ಸುಮ್ಮನಿರಿ ಅತ್ತಿಗೆ."

"ಅದೊಂದು ನನಗೆ ಹೇಳ್ಬೇಡ" ಎಂದು ನಕ್ಕರು.

ಮರುದಿನ ಅವರ ನಿಧನ ವಾರ್ತೆಯನ್ನು ನಾನೇ ಬರೆದೆ. ಫೋಟೋ ಅವರು ಹೇಳಿದ್ದೇ. ನಮ್ಮ ಕಡೆಯ ಪತ್ರಿಕೆಗಳಲ್ಲಿ ಸಾವಿಗೆ ಕೆಲವೇ ಸಿದ್ಧ ಮಾತುಗಳು. ಹಠಾತ್ತಾದರೆ ಹೃದಯಾಘಾತ. ಮಲಗಿ ಸವೆದು ಹೋದವರಿಗೆ 'ದೀರ್ಘಕಾಲದ ಅಸೌಖ್ಯ'. ಎದ್ದು ಓಡಾಡುತ್ತಿದ್ದು ಕೆಲವೇ ದಿನಗಳಲ್ಲಿ ಹೋದವರಿಗೆ 'ಅಲ್ಪಕಾಲದ ಅಸೌಖ್ಯ'. ಉಳ್ಳಾಲದ ಆ ಅಮ್ಮನ ಸುದ್ದಿಯಲ್ಲಿ 'ದೀರ್ಘಕಾಲದ' ಎಂದು ಬರೆದವಳೂ ನಾನೇ. ಈಗ 'ಅಲ್ಪಕಾಲದ' ಎಂದು ಟೈಪ್ ಮಾಡಿದೆ. ದಿನಕ್ಕೆ ಎಷ್ಟೋ ಸಲ ನನ್ನ ಕೈಯಿಂದ ಹಾದುಹೋಗುವ, ಯಾರೂ ನಿಂತು ಓದದ ಪದ. ಅದಕ್ಕಾಗಿ ಅತ್ತಿಗೆ ಹೊಟ್ಟೆ ಕೊಯ್ಯಿಸಿಕೊಂಡಿದ್ದರು, ಎರಡು ಸಲ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು.

ಅಲ್ಪಕಾಲದ. ಪುಟ ಅಚ್ಚಿಗೆ ಹೋದ ಮೇಲೂ ಆ ಪದವನ್ನೇ ನೋಡುತ್ತಾ ಕುಳಿತಿದ್ದೆ. ಅದು ನನಗೆ ಸಿಗುತ್ತದೋ ಇಲ್ಲವೋ. ಅವರು ದುಡಿದು ಪಡೆದುಕೊಂಡು ಹೋದರು, ಮಾತಾಡುತ್ತಲೇ.