ನಾಗಪ್ಪಣ್ಣನ ನೀರಿನ ಮೈಕು

ಕೇಳಿತ್ತು. ನಾಗಪ್ಪಣ್ಣ ಮಾಡಿದ ಮೈಕಿನಲ್ಲಿ ನೀರಡಿಯ ಮೀನಿನ ಸದ್ದು ನನಗೆ ಕೇಳಿತ್ತು. ಕೇಳಲಿಲ್ಲವೆಂದು ಅವರಿಗೆ ಸುಳ್ಳು ಹೇಳಿದೆ. ಇಷ್ಟು ಬರೆಯಲಿಕ್ಕೆ ನನಗೆ ಅರ್ಧ ಆಯುಷ್ಯ ಹಿಡಿಯಿತು. ಯಾಕೆ ಹೇಳಿದೆ — ಅದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಹೊನ್ನಾವರದ ಪೇಟೆಯಲ್ಲಿ ಅವರ ಅಂಗಡಿ. ಕುಮಟೆಯಿಂದ ಭಟ್ಕಳದವರೆಗೆ ಮದುವೆಗೂ ಸಭೆಗೂ ಅವರದೇ ಮೈಕು. ಆಂಪ್ಲಿಫೈಯರನ್ನು ಸ್ವಂತ ಕೈಯಲ್ಲಿ ಕಟ್ಟಿದವರು. ಉಪ್ಪುಗಾಳಿಗೆ ಹಾಳಾಗದ ಸ್ಪೀಕರನ್ನು ನಮ್ಮ ಕಡೆ ಮೊದಲು ಮಾಡಿದ್ದೂ ಅವರೇ. ಆದರೆ ದೋಣಿ ಹತ್ತಿದರೆ ವಾಂತಿ. ಅಳಿವೆ ದಾಟುವ ಮೊದಲೇ ಹೊಟ್ಟೆ ಹಿಡಿದುಕೊಂಡು ಕೂತುಬಿಡುವ ಮನುಷ್ಯ! ಅದಕ್ಕೇ ಒಂದು ದಿನ, ಸೈಕಲ್ ಟ್ಯೂಬಿನೊಳಗೆ ಬಿಗಿದ ಮೈಕು, ಉದ್ದ ವಯರು, ಒಂದು ಹೆಡ್‌ಫೋನು ಹಿಡಿದುಕೊಂಡು ಹೊಳೆಯಾಚೆಯ ಕಾಸರಕೋಡಿನ ನಮ್ಮ ಮನೆಗೆ ಬಂದರು.

"ನೀರಿಗೆ ಬಿಟ್ಟು ಕೇಳು ಮಾರಾಯ. ಎಂತ ಕೇಳ್ತದೆ, ಬಂದು ಹೇಳು," ಎಂದರು.

ನೀರಿಗೆ ಕಿವಿಗೊಡುವುದು ನಮ್ಮ ಮನೆಯವರದೇ ಕೆಲಸವಾಗಿತ್ತು. ದೋಡಿ ಮೀನು ಹಿಂಡುಗಟ್ಟಿದಾಗ ನೀರಡಿಯಲ್ಲಿ ಸದ್ದು ಮಾಡುತ್ತದೆ. ಅಪ್ಪ ಹುಟ್ಟನ್ನು ನೀರಿಗಿಳಿಸಿ, ಅದರ ಹಿಡಿಗೆ ಕಿವಿಯಿಟ್ಟು ಕೇಳುತ್ತಿದ್ದ. ಅವನು ಕೈ ಎತ್ತಿದ ಮೇಲೆಯೇ ಬಲೆ ಬಿಡುವುದು. ಆ ವರ್ಷ ಅವನ ಕಿವಿ ಮಂದವಾಗತೊಡಗಿತ್ತು — ಗೊತ್ತಿದ್ದದ್ದು ನನಗೊಬ್ಬನಿಗೇ. ದೋಣಿಯವರಿಗೆ ತಿಳಿದರೆ ಅಪ್ಪ ದಂಡೆಯಲ್ಲಿ ಬಲೆ ಹೊಲಿಯುತ್ತ ಕೂರಬೇಕಾಗಿತ್ತು.

ದೋಣಿಯ ಹಿಂತುದಿಯಲ್ಲಿ ಕೂತು ಮೈಕು ಇಳಿಬಿಟ್ಟೆ. ನಾನು ರೇಡಿಯೋ ಕೇಳುತ್ತಿದ್ದೇನೆಂದು ಉಳಿದವರು ತಿಳಿದರು. ತುಂಬ ಹೊತ್ತು ಬರೀ ನೀರು. ಆಮೇಲೆ — ಬಂತು. ಒಂದಲ್ಲ, ಹಿಂಡಿಗೆ ಹಿಂಡು. ಅತ್ತ ಅಪ್ಪ ಹುಟ್ಟಿಗೆ ಕಿವಿಯೊತ್ತಿ, ಇಲ್ಲ ಇಲ್ಲವೆಂದು ತಲೆಯಾಡಿಸುತ್ತಿದ್ದ. ನಾನು ಹೆಡ್‌ಫೋನು ತೆಗೆದು ಹತ್ತಿರ ಹೋಗಿ, ಯಾರಿಗೂ ಕಾಣದಂತೆ ಅವನ ಬೆನ್ನು ಮುಟ್ಟಿದೆ. ನನ್ನ ಮುಖ ನೋಡಿದ. ಕೈ ಎತ್ತಿದ. ಬಲೆ ತುಂಬಿತು. ಎಲ್ಲರೂ ಅಪ್ಪನ ಕಿವಿಯನ್ನು ಹೊಗಳಿದರು.

ಸಂಜೆ ಅಂಗಡಿಗೆ ಹೋದರೆ ನಾಗಪ್ಪಣ್ಣ ಬಾಗಿಲಲ್ಲೇ ನಿಂತಿದ್ದರು.

"ಎಂತ ಕೇಳ್ತು?"

"ಎಂತದೂ ಇಲ್ಲ ಅಣ್ಣ. ಮೀನು ಭಾಷಣ ಮಾಡ್ತದಾ?"

ಆ ಕೊನೆಯ ಮಾತಾದರೂ ಬೇಕಿರಲಿಲ್ಲ. ಅಂಗಡಿಯಲ್ಲಿದ್ದವರು ನಕ್ಕರು, ಎರಡು ದಿನದಲ್ಲಿ ಪೇಟೆಯೇ ನಕ್ಕಿತು. ನಾಗಪ್ಪಣ್ಣ ಟ್ಯೂಬು ಬಿಚ್ಚಿ, ಮೈಕು ಒರೆಸಿ, ಯಾವುದೋ ಮದುವೆಗೆ ಕಳಿಸಿಕೊಟ್ಟರು. ಆಮೇಲೆ ಹೊಸದೇನನ್ನೂ ಕಟ್ಟಲಿಲ್ಲ. ಇದ್ದುದನ್ನೇ ರಿಪೇರಿ ಮಾಡಿಕೊಂಡು ಉಳಿದರು.

ಅಪ್ಪನಿಗಾಗಿ ಹೇಳಿದೆನೋ? ಆ ಮೈಕು ಎಲ್ಲ ದೋಣಿಗೂ ಬಂದರೆ ಅವನ ಕಿವಿ ಯಾರಿಗೆ ಬೇಕು — ಹೀಗೆಂದುಕೊಂಡರೆ ಮನಸ್ಸಿಗೆ ಹಿತ. ಆದರೆ ಅಪ್ಪ ತೀರಿಕೊಂಡ ಮೇಲೂ ಬಾಯಿ ಬಿಡಲಿಲ್ಲವಲ್ಲ, ಅದು ಯಾರಿಗಾಗಿ? ಈಗ ಮೀನು ತೋರಿಸುವ ಯಂತ್ರ ದೋಣಿದೋಣಿಯಲ್ಲೂ ಇದೆ. ಅದನ್ನು ಕಂಡಾಗ ನನ್ನ ಮೇಲೆ ಸಿಟ್ಟು ಬರುತ್ತದೆ. ನಾಚಿಕೆಯಿಲ್ಲದೆ ಅವರ ಮೇಲೂ ಬರುತ್ತದೆ. ನನ್ನೊಬ್ಬನ ಮಾತು ಯಾಕೆ ನಂಬಿದಿರಿ ನಾಗಪ್ಪಣ್ಣ? ಇನ್ನೊಬ್ಬರ ಕೈಗೆ ಕೊಟ್ಟು ನೋಡಬಾರದಿತ್ತೆ...

ಕಳೆದ ವಾರ ಕುಮಟೆಯಲ್ಲಿ ಅವರಿಗೆ ಸನ್ಮಾನ. ವೇದಿಕೆಯಲ್ಲಿ ಒಬ್ಬರು ಮೀನಿನ ಭಾಷಣದ ಆ ಹಳೆಯ ತಮಾಷೆಯನ್ನು ಹೇಳಿದರು. ಸಭೆ ನಕ್ಕಿತು, ಶಾಲು ಹೊದ್ದ ಅವರೂ ನಕ್ಕರು. ನನಗೆ ಕೂರಲಾಗಲಿಲ್ಲ. ಮರುದಿನ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ.

ಬೈದಿದ್ದರೆ ಒಳ್ಳೆಯದಿತ್ತು. ಅವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಮುಖದಲ್ಲಿ ಸಿಟ್ಟಿಲ್ಲ — ಎಂಥದೋ ಖುಷಿ!

"ಹೌದಾ? ಕೇಳ್ತಾ? ಹೆಂಗಿತ್ತೋ? ದಪ್ಪ ಸ್ವರವಾ, ಸಪೂರವಾ? ಒಂದೇ ಸಮ ಬಂತಾ, ಬಿಟ್ಟು ಬಿಟ್ಟು ಬಂತಾ?"

ಹೇಳಲು ಬಾಯಿ ತೆರೆದೆ. ಕೇಳಿಲ್ಲ, ಕೇಳಿಲ್ಲವೆಂದು ಇಷ್ಟು ವರ್ಷ ಹೇಳಿ ಹೇಳಿ, ಆ ಸದ್ದು ಹೇಗಿತ್ತೆಂಬುದೇ ನನ್ನಲ್ಲಿ ಉಳಿದಿಲ್ಲ. ಆ ಮೈಕಿನಲ್ಲಿ ಅದನ್ನು ಕೇಳಿದವನು ನಾನೊಬ್ಬನೇ. ನಾಗಪ್ಪಣ್ಣ ಮುಂದಕ್ಕೆ ಬಾಗಿ ಕಾಯುತ್ತಲೇ ಇದ್ದರು.